ಅಮೆರಿಕದ ವಸಾಹತೀಕರಣ ಮತ್ತು ತುಮಕೂರು ಸೀಮೆ

15ನೆಯ ಶತಮಾನದ ಕೊನೆಯಿಂದ ಯುರೋಪಿನವರು ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಿಗೆ ಹಡಗು ಹಾಯಿಸಿ, ಅಲ್ಲಿನ ರಾಜ್ಯಗಳನ್ನು ಮುರಿದು, ನೆಲವನ್ನು ತಮ್ಮದಾಗಿಸಿಕೊಂಡ ಚರಿತ್ರೆ ಮತ್ತು ಅದರಿಂದ ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಬೆಳೆ, ಊಟ, ಬೇಲಿ, ಮಾತು, ಯುದ್ಧಗಳ ಮೇಲಾದ ಪರಿಣಾಮಗಳು ಈ ಲೇಖನದ ವಿಷಯ. ಕಡಲಿನಿಂದ ಬಲು ದೂರದ ಒಣಭೂಮಿಯ ಸೀಮೆಯಿದು. ಇಲ್ಲಿನವರು ಕೊಲಂಬಸ್ಸನ ಹೆಸರು ಕೇಳುವ ಎಷ್ಟೋ ಮೊದಲೇ ಅವನ ಯಾನದ ಫಲ ಇಲ್ಲಿನ ಒರಳುಕಲ್ಲಿಗೆ ಬಿದ್ದಿತ್ತು.

ಇಂಡಿಯಾ ಹುಡುಕಿ ಹೊರಟವರು

ಹುಡುಕಿದ್ದು ನಮ್ಮನ್ನು, ಸಿಕ್ಕಿದ್ದು ಬೇರೆಯವರು. 1492ರಲ್ಲಿ ಸ್ಪೇನಿನ ದೊರೆಗಳ ನೆರವಿನಿಂದ ಪಡುವಣಕ್ಕೆ ಹೊರಟ ಕ್ರಿಸ್ಟೋಫರ್ ಕೊಲಂಬಸ್‌ಗೆ ಬೇಕಿದ್ದುದು ಏಷ್ಯದ ದಾರಿ. ಕೆರಿಬಿಯನ್ ದ್ವೀಪಗಳಲ್ಲಿ ಇಳಿದು, ತಾನು ಇಂಡಿಯಾದ ಅಂಚು ಮುಟ್ಟಿದೆನೆಂದು ನಂಬಿ, ಎದುರಾದ ಜನರನ್ನು 'ಇಂಡಿಯನ್ನರು' ಎಂದು ಕರೆದ. ಆ ತಪ್ಪು ಹೆಸರು ಐನೂರು ವರ್ಷ ಅವರ ಬೆನ್ನು ಬಿಡಲಿಲ್ಲ. 1494ರ ಟೋರ್ಡೆಸಿಲ್ಲಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಯುರೋಪಿನಾಚೆಯ ಲೋಕವನ್ನು ಗೆರೆ ಎಳೆದು ಹಂಚಿಕೊಂಡವು. ಯಾರ ನೆಲ ಹಂಚಿಹೋಗುತ್ತಿತ್ತೋ ಅವರನ್ನು ಒಂದು ಮಾತೂ ಕೇಳಲಿಲ್ಲ.

ಮುಂದಿನದು ವೇಗವಾಗಿ ನಡೆಯಿತು. 1519ರಲ್ಲಿ ಮೆಕ್ಸಿಕೊ ತೀರಕ್ಕೆ ಇಳಿದ ಎರ್ನಾನ್ ಕೊರ್ಟೆಸ್‌ನ ಪಡೆ, ಅಜ್ಟೆಕರ ಶತ್ರುಗಳಾಗಿದ್ದ ಸ್ಥಳೀಯರ ಬೆಂಬಲದಿಂದ 1521ರಲ್ಲಿ ಟೆನೊಚ್‌ಟಿಟ್ಲಾನ್ ನಗರವನ್ನು ಕೆಡವಿತು. 1532ರಲ್ಲಿ ಫ್ರಾನ್ಸಿಸ್ಕೊ ಪಿಜಾರೊ ಇಂಕಾ ದೊರೆ ಅಟಹುವಾಲ್ಪನನ್ನು ಸೆರೆಹಿಡಿದು, ಒತ್ತೆಹಣವಾಗಿ ಬಂಗಾರ ಬೆಳ್ಳಿ ಸುರಿಸಿಕೊಂಡ ಮೇಲೂ ಕೊಂದ. 1545ರಲ್ಲಿ ಈಗಿನ ಬೊಲಿವಿಯದ ಪೊಟೊಸಿಯಲ್ಲಿ ಬೆಳ್ಳಿಯ ಬೆಟ್ಟವೇ ಸಿಕ್ಕಿತು. ಆ ಬೆಳ್ಳಿಯ ನಾಣ್ಯಗಳು ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು ನಮ್ಮ ಪಶ್ಚಿಮ ಘಟ್ಟಗಳ ಕಾಳುಮೆಣಸನ್ನು ಕೊಂಡುಕೊಂಡವು. ಇಂಗ್ಲಿಷರು 1607ರಲ್ಲಿ ಜೇಮ್ಸ್‌ಟೌನ್‌ನಲ್ಲೂ ಫ್ರೆಂಚರು 1608ರಲ್ಲಿ ಕ್ವಿಬೆಕ್‌ನಲ್ಲೂ ನೆಲೆಯೂರಿದರು.

ಕತ್ತಿ, ಕೋವಿಗಳಿಗಿಂತ ಹೆಚ್ಚು ಜನರನ್ನು ಕೊಂದದ್ದು ರೋಗ. ತುಮಕೂರು ಸೀಮೆಯಲ್ಲಿ ಸಿಡುಬು ಬಂದರೆ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಬಾಗಿಲಿಗೆ ಬೇವು ಕಟ್ಟಿ, ಮಾರಮ್ಮನಿಗೆ ತಂಪು ಮಾಡುತ್ತಿದ್ದರು. ಭಯವೂ ಹಳೆಯದು, ಪರಿಚಯವೂ ಹಳೆಯದು. ಅಮೆರಿಕದ ಮೂಲನಿವಾಸಿಗಳಿಗೆ ಆ ಪರಿಚಯವೇ ಇರಲಿಲ್ಲ. ಸಿಡುಬು, ದಡಾರಗಳಿಗೆ ಅವರ ಮೈ ಒಗ್ಗಿರಲಿಲ್ಲ. ಅದರ ಮೇಲೆ ಗಣಿಯ ದುಡಿಮೆ, ಹಸಿವು, ಊರು ಬಿಡಿಸಿದ ಸಂಕಟ ಬಂದು ಬಿದ್ದವು. ಒಂದೂವರೆ ಶತಮಾನದೊಳಗೆ ಅನೇಕ ಕಡೆ ಹತ್ತರಲ್ಲಿ ಎಂಟೊಂಬತ್ತು ಪಾಲು ಜನ ಅಳಿದರೆಂಬುದು ಇತಿಹಾಸಕಾರರ ಅಂದಾಜು. ದುಡಿಯುವ ಕೈ ಸಾಲದಾದಾಗ ಆಫ್ರಿಕದಿಂದ ಸುಮಾರು 1 ಕೋಟಿ 25 ಲಕ್ಷ ಜನರನ್ನು ಗುಲಾಮರನ್ನಾಗಿಸಿ ಹಡಗಿಗೆ ತುಂಬಿದರು. ಅವರಲ್ಲಿ ಸುಮಾರು 18 ಲಕ್ಷ ಮಂದಿ ದಡ ಕಾಣಲಿಲ್ಲ. ಮನುಕುಲದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಪ್ರಮಾಣದ ಅನ್ಯಾಯಗಳು ಕೆಲವೇ ಇವೆ. ಈ ಲೇಖನದ ಉಳಿದ ಭಾಗದಲ್ಲಿ ಬರುವ ಹಣ್ಣು, ಕಾಳು, ತರಕಾರಿಗಳ ಮಾತನ್ನು ಇದರ ಜೊತೆಯಲ್ಲೇ ಓದಬೇಕು.

ಗೋವೆಯ ದಾರಿ

ಅಮೆರಿಕಕ್ಕೂ ನಮಗೂ ನೇರ ನಂಟು ಬಿದ್ದದ್ದು 1500ರಲ್ಲಿ. ವಾಸ್ಕೊ ಡ ಗಾಮನ ಜಾಡು ಹಿಡಿದು ಕಲ್ಲಿಕೋಟೆಗೆ ಹೊರಟಿದ್ದ ಪೆದ್ರೊ ಆಲ್ವಾರೆಸ್ ಕಬ್ರಾಲ್ ಪಡುವಣಕ್ಕೆ ಸರಿದು ಏಪ್ರಿಲ್ ತಿಂಗಳಲ್ಲಿ ಬ್ರೆಜಿಲ್ ತೀರ ಮುಟ್ಟಿದ; ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಯಲ್ಲಿದ್ದ. ಒಂದೇ ಪಯಣದಲ್ಲಿ ಎರಡೂ ಕರಾವಳಿ. 1510ರಲ್ಲಿ ಅಫೊನ್ಸೊ ಡ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವೆಯನ್ನು ಕಸಿದುಕೊಂಡ ಮೇಲೆ ಲಿಸ್ಬನ್, ಬ್ರೆಜಿಲ್, ಆಫ್ರಿಕ, ಗೋವೆಗಳ ನಡುವೆ ಹಡಗುಗಳ ಓಡಾಟ ನಿಲ್ಲದಾಯಿತು. ಬೀಜಗಳು ಆ ಹಡಗುಗಳಲ್ಲಿ ಬಂದು ಘಟ್ಟ ಹತ್ತಿದವು. ಹೊತ್ತು ತಂದ ವ್ಯಾಪಾರಿಗಳ, ಮೊದಲು ಬಿತ್ತಿದ ರೈತರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಬದಲಾವಣೆ ಎಷ್ಟು ದೊಡ್ಡದೆಂದು ತಿಳಿಯಲು ಹಿಂದಿನ ಅಡುಗೆಯ ಗ್ರಂಥಗಳನ್ನು ನೋಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ದೋಸೆ, ಇಡ್ಲಿಗಳ ಪೂರ್ವರೂಪಗಳಿವೆ. 1508ರ ಸುಮಾರಿನ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಬದನೆಯ ಬಗೆಬಗೆಯ ಅಡುಗೆಗಳಿವೆ. ಆ ಕಾಲದ ಖಾರವೆಲ್ಲ ಮೆಣಸು, ಶುಂಠಿಗಳದು. ಮೆಣಸಿನಕಾಯಿ ಕನ್ನಡ ನಾಡಿಗೆ ಕಾಲಿಟ್ಟದ್ದು ಆಮೇಲೆ.

ಹೊಗೆಸೊಪ್ಪಿನ ಪ್ರವೇಶಕ್ಕೆ ಇನ್ನೂ ಖಚಿತ ಸಾಕ್ಷಿಯಿದೆ. ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ಹೊಗೆಸೊಪ್ಪನ್ನು ಕಂಡು, 1604–05ರ ಸುಮಾರಿಗೆ ಅದನ್ನೂ ಸೇದುವ ಕೊಳವೆಯನ್ನೂ ಬಾದಷಹನ ಮುಂದಿಟ್ಟ. ಉತ್ತರ ಭಾರತದ ಅರಮನೆ ಹೊಗೆಸೊಪ್ಪಿನ ರುಚಿ ಕಂಡದ್ದು ಕರ್ನಾಟಕದ ಮೂಲಕ. ಗುಬ್ಬಿಯ ಕಡೆ ಎಲೆ, ಅಡಿಕೆ, ಸುಣ್ಣದ ಜೊತೆಗೆ ಕಡ್ಡಿಪುಡಿ ಸೇರಿದ್ದೂ, ತುಮಕೂರಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಬದುಕು ಸಾಗಿಸಿದ್ದೂ ಇದೇ ಎಲೆಯಿಂದ.

ಹೆಸರಿಟ್ಟು ಒಳಗೆ ಕರೆದುಕೊಂಡದ್ದು

ಬೆಳಗಿನ ಜಾವ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಿ ನಿಂತರೆ ಎರಡು ಲೋಕಗಳು ಅಕ್ಕಪಕ್ಕದಲ್ಲಿ ರಾಶಿ ಬಿದ್ದಿರುತ್ತವೆ. ಬದನೆ, ಹೀರೆ, ಪಡವಲ, ಅವರೆ, ದಂಟಿನ ಸೊಪ್ಪು ಒಂದು ಕಡೆಯವು. ಟೊಮೆಟೊ, ಹಸಿಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಹುರುಳಿಕಾಯಿ, ಆಲೂಗಡ್ಡೆ, ಸಿಹಿಕುಂಬಳ, ಸೀಮೆಬದನೆ, ಸಿಹಿಗೆಣಸು, ಮುಸುಕಿನ ಜೋಳ ಇನ್ನೊಂದು ಕಡೆಯವು. ಈ ಎರಡನೆಯ ಕಡೆಯವೆಲ್ಲದರ ತವರು ಅಮೆರಿಕ. ಪಕ್ಕದಲ್ಲಿ ಚೆಂಡುಹೂವಿನ ಮೂಟೆ ಇದ್ದರೆ ಅದೂ ಮೆಕ್ಸಿಕೊ ಮೂಲದ್ದೇ. ಆಯುಧಪೂಜೆಯ ದಿನ ಲಾರಿಯ ಮೂತಿಗೆ ಕಟ್ಟುವ ಆ ಹಾರ ಮೆಕ್ಸಿಕೊದಲ್ಲಿ ಸತ್ತವರ ಹಬ್ಬದ ಅಲಂಕಾರ.

ಇವನ್ನು ಹೊರಗಿನವು ಎಂದರೆ ನಂಬುವವರು ಕಡಿಮೆ. ಕಾರಣ, ಕನ್ನಡ ಇವನ್ನು ಹೆಸರಿಟ್ಟು ಮನೆಯೊಳಗೆ ಕರೆದುಕೊಂಡ ಬಗೆ. ಬಳ್ಳಿಯ ಮೆಣಸಿನಂತೆ ನಾಲಗೆ ಚುರುಗುಟ್ಟಿಸಿದ ಕಾಯಿ 'ಮೆಣಸಿನಕಾಯಿ' ಆಯಿತು. ಹೊಸಬ ಎಷ್ಟು ಗಟ್ಟಿಯಾಗಿ ಕೂತನೆಂದರೆ, ಹಳೆಯ ಮೆಣಸೇ ತನ್ನ ಗುರುತಿಗೆ 'ಕಾಳುಮೆಣಸು', 'ಒಳ್ಳೆಮೆಣಸು' ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು. ನೆಲದೊಳಗೆ ಕಾಯಿ ಕಟ್ಟಿದ ಹೊಸ ಗಿಡ ಕಡಲೆಯ ನೆಂಟನೆಂದು 'ಕಡಲೆಕಾಯಿ'. ತೆನೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಂತಿದ್ದ ಜೋಳ 'ಮುಸುಕಿನ ಜೋಳ'. ಇದಕ್ಕಿಂತ ಚೆಂದದ ಹೆಸರು ಆ ಬೆಳೆಗೆ ಯಾವ ಭಾಷೆಯಲ್ಲೂ ಸಿಕ್ಕಿರಲಾರದು. ಬೀನ್ಸ್ 'ಹುರುಳಿಕಾಯಿ', ಬೂದುಗುಂಬಳದ ಪಕ್ಕ ಕೂತದ್ದು 'ಸಿಹಿಕುಂಬಳ'.

ಕೆಲವಕ್ಕೆ ಮಾತ್ರ ಬಂದ ದಾರಿಯ ಗುರುತು ಉಳಿದಿದೆ. ಪಪ್ಪಾಯಿಯನ್ನು ಹಳೇ ಮೈಸೂರು ಕಡೆ 'ಪರಂಗಿ ಹಣ್ಣು' ಎನ್ನುತ್ತಾರೆ. ಪರಂಗಿ ಎಂದರೆ ಫಿರಂಗಿ, ಕಡಲಾಚೆಯ ಬಿಳಿಯ. 16ನೆಯ ಶತಮಾನದ ವೈದ್ಯಗ್ರಂಥ 'ಭಾವಪ್ರಕಾಶ' 'ಫಿರಂಗ ರೋಗ' ಎಂದು ಕರೆದ ಮೇಹದ ಹುಣ್ಣಿಗೂ ಅದೇ ಹೆಸರಿನ ಪಾಲು ಬಂತು. ಆ ಕಾಯಿಲೆ ಅಮೆರಿಕದಿಂದ ಹಡಗು ಹತ್ತಿತೆಂಬುದು ಪ್ರಬಲವಾದ ಅಭಿಪ್ರಾಯ. 'ಸೀಮೆ' ಎಂಬ ಮುನ್ನುಡಿಯೂ ಹಾಗೆಯೇ: ಸೀಮೆಬದನೆ, ಸೀಮೆಹುಣಸೆ. ಅನಾನಸ್ ಬ್ರೆಜಿಲ್‌ನ ತುಪಿ ಜನರ ಮಾತಿನಿಂದ ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ನಮಗೆ ಬಂತು. ಟೊಮೆಟೊ, ಚಾಕೊಲೇಟ್ ಎನ್ನುವಾಗ ನಾವು ಆಡುವುದು ಅಜ್ಟೆಕರ ನಹುವಾತಲ್ ಭಾಷೆಯ ಮಾತುಗಳನ್ನು. ಇನ್ನು ಬಂಡೆಗುಡ್ಡದ ಸಂದಿಯಲ್ಲೂ ಬೇರುಬಿಡುವ ಆ ಅಮೆರಿಕದ ಹಣ್ಣಿಗೆ ನಮ್ಮವರು ಇಟ್ಟ ಹೆಸರು 'ಸೀತಾಫಲ'. ಅದರ ದಾಯಾದಿ 'ರಾಮಫಲ'. ಹೊರಗಿನ ಹಣ್ಣನ್ನು ಇದಕ್ಕಿಂತ ಹತ್ತಿರಕ್ಕೆ ಕರೆದುಕೊಳ್ಳಲು ಬಾರದು.

ಆದರೆ ಒಂದು ಅಡುಗೆಮನೆ ಇನ್ನೂ ಮರೆತಿಲ್ಲ. ಅನೇಕ ಮನೆಗಳಲ್ಲಿ ತಿಥಿಯ ಅಡುಗೆಗೆ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಹುರುಳಿಕಾಯಿ ನಿಷಿದ್ಧ. ಸಾರಿಗೆ ಕಾಳುಮೆಣಸು, ಪಲ್ಯಕ್ಕೆ ಬಾಳೆಕಾಯಿ, ಹಾಗಲ, ಗೋರಿಕಾಯಿ. ಶಾಸ್ತ್ರ ಎಂದಷ್ಟೇ ಹೇಳಿ ಬಡಿಸುವ ಆ ಎಲೆ ಹೆಚ್ಚುಕಡಿಮೆ 1492ಕ್ಕೆ ಹಿಂದಿನ ಊಟ. ಪಿತೃಗಳಿಗೆ ಅವರ ಕಾಲದ ರುಚಿಯನ್ನೇ ಬಡಿಸುತ್ತೇವೆ.

ಉಳಿದ ದಿನಗಳ ಮಾತು ಬೇರೆ. ಬಸ್ಸಾರಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ತೆಂಗಿನತುರಿ ಸೇರಿಸಿ ರುಬ್ಬಿ, ಬೇಳೆಸೊಪ್ಪು ಬಸಿದ ಕಟ್ಟಿಗೆ ಕಲಸಿ ಕುದಿಸಿ, ಬಿಸಿಮುದ್ದೆಯನ್ನು ಅದರಲ್ಲಿ ಅದ್ದಿ ನುಂಗುವ ಊಟವೇ ಈ ಸೀಮೆಯ ಗುರುತು. ರಾಗಿ ಕೂಡ ಆಫ್ರಿಕ ಮೂಲದ್ದು, ಆದರೆ ಸಾವಿರಾರು ವರ್ಷ ಹಿಂದೆ ಬಂದದ್ದು. ಮೆಣಸಿನಕಾಯಿ ನಿನ್ನೆ ಮೊನ್ನೆಯದು. ಬಡವನ ಬೇಲಿಯ ಪಕ್ಕದಲ್ಲೂ ಬೆಳೆದು, ದುಬಾರಿಯ ಕಾಳುಮೆಣಸಿನ ಜಾಗ ತುಂಬಿತು. ಅದರ ಗೆಲುವಿನ ಗುಟ್ಟು ಅಲ್ಲಿದೆ.

ಕಡಲೆಕಾಯಿಯ ಕಥೆ ಹಣದ್ದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಮಾರ್ಸೆಯ ಎಣ್ಣೆ ಗಾಣಗಳೂ ಸಾಬೂನು ಕಾರ್ಖಾನೆಗಳೂ ದಕ್ಷಿಣ ಭಾರತದ ಕಡಲೆಕಾಯಿಗೆ ಬಾಯಿ ತೆರೆದವು. ಕೆಂಪುಮಣ್ಣಿನ ಮಳೆಯಾಶ್ರಿತ ಹೊಲಗಳಲ್ಲಿ ಅದು ರೊಕ್ಕದ ಬೆಳೆಯಾಯಿತು. ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿಗಳ ರೈತರು ಇವತ್ತಿಗೂ ಮುಂಗಾರಿಗೆ ಅದರ ಮೇಲೆ ಕಣ್ಣಿಟ್ಟು ಕೂರುತ್ತಾರೆ. ತಿಂಡಿವನಂನಿಂದ 1940ರಲ್ಲಿ ಹೊರಬಂದ ಟಿಎಂವಿ–2 ತಳಿ ದಶಕಗಟ್ಟಲೆ ಅವರ ಕೈಬಿಡಲಿಲ್ಲ.

ಬೀಜ ಬಂತು, ಅದನ್ನು ಸಾಕಿದವರ ಅರಿವು ಬರಲಿಲ್ಲ. ಮೆಕ್ಸಿಕೊದ ರೈತರು ಸುಮಾರು 9000 ವರ್ಷ ಹಿಂದೆ, ಗಟ್ಟಿ ಕವಚದ ಕೆಲವೇ ಕಾಳು ಬಿಡುವ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಆರಿಸುತ್ತಾ ಆರಿಸುತ್ತಾ ಮುಸುಕಿನ ಜೋಳವಾಗಿಸಿದರು. ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿದರೆ ಮೈಗೆ ಸತ್ವ ಹತ್ತುತ್ತದೆಂದೂ ಕಂಡುಕೊಂಡಿದ್ದರು. ಯುರೋಪಿನವರು ಜೋಳ ಕೊಂಡುಹೋದರು, ಸುಣ್ಣದ ವಿದ್ಯೆ ಬಿಟ್ಟುಹೋದರು. ಅದನ್ನೇ ತಿಂದು ಬದುಕಿದ ಇಟಲಿಯ ಬಡವರು ಪೆಲ್ಲಾಗ್ರ ಎಂಬ ಕಾಯಿಲೆಯಿಂದ ನರಳಿದರು. ಮೆಕ್ಸಿಕೊದ ಆ ರೈತರ ವಂಶದವರು ಗಣಿಗಳಲ್ಲೂ ಸಿಡುಬಿನಲ್ಲೂ ಸಾಯುತ್ತಿದ್ದ ಹೊತ್ತಿಗೆ ಅವರ ನೂರಾರು ತಲೆಮಾರಿನ ದುಡಿಮೆ ಲೋಕದ ಹೊಟ್ಟೆ ತುಂಬಿಸಲು ಹೊರಟಿತ್ತು. ಶಾಲೆಯ ಪಾಠಗಳಲ್ಲಿ ಕೊಲಂಬಸ್ ಇದ್ದಾನೆ. ಇವರಿಗೂ ಅಷ್ಟೇ ಜಾಗ ಸಲ್ಲಬೇಕು.

ಬೇಲಿಸಾಲಿನ ಗಿಡಗಳು

ಗುಬ್ಬಿಯಿಂದ ಹಳ್ಳಿಯ ದಾರಿ ಹಿಡಿದರೆ ಅಮೆರಿಕ ಬೇಲಿಯಲ್ಲೂ ಕಾಣುತ್ತದೆ. ಹೊಲದ ಬದುವಿನ ಕತ್ತಾಳೆ ಮೆಕ್ಸಿಕೊ ಕಡೆಯದು. ಎಲೆ ಕೊಳೆಹಾಕಿ, ಬಡಿದು, ನಾರು ತೆಗೆದು ಹಗ್ಗ ಹೊಸೆದ ಊರುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ತೆಂಗಿನ ತೋಟದ ಸುತ್ತ ನೆಟ್ಟು, ಸೊಪ್ಪು ಸವರಿ ಬುಡಕ್ಕೆ ಹಾಕುವ ಗ್ಲಿರಿಸಿಡಿಯ ಅಲ್ಲಿನದೇ. ನಮ್ಮವರಿಗೆ ಅದು 'ಗೊಬ್ಬರದ ಗಿಡ'.

ಪಾಪಾಸುಕಳ್ಳಿಯ ಹಿಂದೆ ಒಂದು ಕಂಪನಿಯ ಆಸೆ ಇತ್ತು. ಪಾಪಾಸು ಎಂದರೆ ಪಾದರಕ್ಷೆ. ಅಟ್ಟೆಯಂಥ ಕಾಂಡದ ಈ ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಹುಳುವಿನಿಂದ ಕಡುಗೆಂಪು ಬಣ್ಣ ತೆಗೆಯುವ ವಿದ್ಯೆ ಮೆಕ್ಸಿಕೊದವರದು, ಅದರ ವ್ಯಾಪಾರದ ಏಕಸ್ವಾಮ್ಯ ಸ್ಪೇನಿನದು. ಅದನ್ನು ಮುರಿಯಲು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಮದರಾಸಿನಲ್ಲಿ ಕಳ್ಳಿಯ ತೋಟವನ್ನೇ ಮಾಡಿದ. 1795ರಲ್ಲಿ ಬ್ರೆಜಿಲ್‌ನಿಂದ ಹುಳುವೂ ಬಂತು, ಆದರೆ ಅದು ಕೀಳು ದರ್ಜೆಯ ಬಣ್ಣದ ಹುಳು. ವ್ಯಾಪಾರ ಕೈಗೂಡಲಿಲ್ಲ, ಕಳ್ಳಿ ಉಳಿಯಿತು. ದಕ್ಷಿಣ ಭಾರತದ ಎಕರೆಗಟ್ಟಲೆ ನೆಲ ನುಂಗಿತು. 1926ರಲ್ಲಿ ಶ್ರೀಲಂಕಾದಿಂದ ತರಿಸಿದ ಇನ್ನೊಂದು ಜಾತಿಯ ಕೊಚಿನೀಲ್ ಹುಳು ಅದನ್ನು ತಿಂದು ಹಾಕಿದ ಮೇಲೆ ರೈತರು ಉಸಿರು ಬಿಟ್ಟರು.

ಲಂಟಾನ ತೋಟದ ಅಂದಕ್ಕೆಂದು ಬಂದು ಕಾಡು ಹೊಕ್ಕಿತು. ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಪುಣೆಯ ಕಡೆ ಮೊದಲು ಕಣ್ಣಿಗೆ ಬಿದ್ದು ಹೊಲ, ಕೆರೆಯಂಗಳಗಳಿಗೆಲ್ಲ ಹಬ್ಬಿತು. ಒಣಗಿದ ಕೆರೆಗಳನ್ನು ಬಳ್ಳಾರಿ ಜಾಲಿ ಆವರಿಸಿತು. ಹೆಸರು ಬಳ್ಳಾರಿಯದು, ಊರು ಅಮೆರಿಕ.

ಯಾರ್ಕ್‌ಟೌನ್‌ನಿಂದ ಹುಲಿಯೂರುದುರ್ಗಕ್ಕೆ

ಸಸ್ಯಗಳ ಮಾತು ಹಾಗಿರಲಿ. ಕುಣಿಗಲ್ ತಾಲ್ಲೂಕಿನ ಎರಡು ಬಂಡೆಕೋಟೆಗಳ ಚರಿತ್ರೆಯೇ ಅಮೆರಿಕದೊಂದಿಗೆ ಹೆಣೆದುಕೊಂಡಿದೆ. ಉತ್ತರ ಅಮೆರಿಕದ ಹದಿಮೂರು ವಸಾಹತುಗಳು 1776ರಲ್ಲಿ ಬ್ರಿಟನ್ನಿನಿಂದ ಬಿಡುಗಡೆ ಸಾರಿದಾಗ ಫ್ರಾನ್ಸ್ ಅವರ ಬೆನ್ನಿಗೆ ನಿಂತಿತು. ಇತ್ತ ಹೈದರ್ ಅಲಿಯೂ ಫ್ರೆಂಚರ ಗೆಳೆಯ, ಇಂಗ್ಲಿಷರ ಹಗೆ. ಮೈಸೂರಿನ ಸುದ್ದಿ ಅಟ್ಲಾಂಟಿಕ್ ದಾಟಿ ಹೋಗಿತ್ತು: 1782ರಲ್ಲಿ ಪೆನ್ಸಿಲ್ವೇನಿಯದವರು ಇಂಗ್ಲಿಷರ ವಿರುದ್ಧ ಸಜ್ಜುಗೊಳಿಸಿದ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಎಂದೇ ಹೆಸರಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಅದು ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ.

ಅಮೆರಿಕದಲ್ಲಿ ಬ್ರಿಟಿಷರ ಸೋಲನ್ನು ಖಚಿತಗೊಳಿಸಿದ್ದು 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಶರಣಾದ ಕಾರ್ನ್‌ವಾಲಿಸ್‌ನ ಸೇನೆ. ಐದು ವರ್ಷ ಕಳೆದು ಅದೇ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದು ಶ್ರೀರಂಗಪಟ್ಟಣದತ್ತ ನಡೆದ. ಮಳೆ, ಮೇವಿನ ಕೊರತೆ, ಎತ್ತುಗಳ ಸಾವಿನಿಂದ ಸೇನೆ ಕಂಗೆಟ್ಟು, ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹಿಂದಿರುಗಬೇಕಾಯಿತು. ಆ ಹಿಂದಿರುಗುವ ದಾರಿಯಲ್ಲಿ ಹುಲಿಯೂರುದುರ್ಗ ಅವನ ವಶವಾಯಿತು. ಡಿಸೆಂಬರ್‌ನಲ್ಲಿ ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ ಹುತ್ರಿದುರ್ಗವನ್ನೂ ಲಗ್ಗೆ ಹಾಕಿ ಹಿಡಿದರು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಿದ. ಪಡುವಣದಲ್ಲಿ ಕಳೆದುಕೊಂಡದ್ದರ ಮುಂದಿನ ಲೆಕ್ಕವನ್ನು ಬ್ರಿಟನ್ ಮೂಡಣದಲ್ಲಿ ಹೂಡಿತು ಎನ್ನಲು ಈ ಎರಡು ಕೋಟೆಗಳಷ್ಟು ಕಣ್ಣಿಗೆ ಕಟ್ಟುವ ಗುರುತು ನಮ್ಮಲ್ಲಿ ಇನ್ನೊಂದಿಲ್ಲ. ಹುತ್ರಿದುರ್ಗ ಹತ್ತುವ ಚಾರಣಿಗರಿಗೆ ಇದನ್ನು ಹೇಳುವ ಒಂದು ಫಲಕವಾದರೂ ಬೇಕು.

1799ರಲ್ಲಿ ಟಿಪ್ಪು ಮಡಿದ ಮರುವರ್ಷವೇ ಗೆದ್ದ ನೆಲದಲ್ಲಿ ಏನೇನಿದೆ ಎಂದು ಬರೆದಿಡಲು ಫ್ರಾನ್ಸಿಸ್ ಬುಕಾನನ್ ಹೊರಟ. ಗುಬ್ಬಿಯ ಸಂತೆಯನ್ನೂ ಅಲ್ಲಿನ ಅಡಿಕೆ ವ್ಯಾಪಾರವನ್ನೂ ಬಣ್ಣಿಸಿದ. ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದ ಕುದುರೆ ಫಾರಂ ಮುಂದೆ ಬ್ರಿಟಿಷರ ದಂಡಿಗೆ ಕುದುರೆ ಒದಗಿಸಿತು. ಕುದುರೆಯ ಕುಲ ಮೊದಲು ಹುಟ್ಟಿದ್ದು ಅಮೆರಿಕದಲ್ಲೇ. ಅಲ್ಲಿ ಸುಮಾರು 10,000 ವರ್ಷ ಹಿಂದೆ ಅಳಿದು, 1493ರಲ್ಲಿ ಕೊಲಂಬಸ್ಸನ ಎರಡನೆಯ ಯಾನದ ಹಡಗಿನಲ್ಲಿ ತವರಿಗೆ ಮರಳಿತು.

ಗುಬ್ಬಿಯ ಮಿಷನ್

ಗುಬ್ಬಿಗೆ ಇನ್ನೊಂದು ಎಳೆಯೂ ಇದೆ. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1736ರಲ್ಲಿ ಅಮೆರಿಕದ ಜಾರ್ಜಿಯ ವಸಾಹತಿಗೆ ಹೋಗಿ, ಮೂಲನಿವಾಸಿಗಳಿಗೆ ಬೋಧಿಸುವ ಆಸೆ ಈಡೇರದೆ ಎರಡು ವರ್ಷದೊಳಗೆ ಇಂಗ್ಲೆಂಡಿಗೆ ಮರಳಿದ. ಸುಮಾರು ನೂರು ವರ್ಷದ ಮೇಲೆ, 1837ರಲ್ಲಿ, ಅವನ ಪಂಥದ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ನಿಂತು ಕನ್ನಡ ಕಲಿತ. ಅನಂತರ ಅಲ್ಲಿದ್ದ ವಿಲಿಯಂ ಆರ್ಥರ್ ತನ್ನ ಅನುಭವಗಳನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅಮೆರಿಕದಲ್ಲಿ ಎಷ್ಟೋ ಕಡೆ ಪಾದ್ರಿಯ ಹಿಂದೆಯೇ ಭಾಷೆಗಳು ಅಳಿದವು. ಇಲ್ಲಿ ಪಾದ್ರಿಯೇ ಕನ್ನಡದ ಮುಂದೆ ಶಿಷ್ಯನಾಗಿ ಕೂರಬೇಕಾಯಿತು. ಜನ ಉಳಿದಿದ್ದರು, ಸಾಹಿತ್ಯವಿತ್ತು, ಮಠಗಳಿದ್ದವು. ವಸಾಹತು ಎಂಬ ಒಂದೇ ಮಾತಿನಡಿ ಎರಡೂ ಕಡೆಯದನ್ನು ಒಟ್ಟುಮಾಡಿ ಹೇಳುವುದು ಸರಿಯಲ್ಲ ಎನ್ನಲು ಗುಬ್ಬಿ ಒಳ್ಳೆಯ ನಿದರ್ಶನ.

ಇಲ್ಲಿಂದ ಅಲ್ಲಿಗೆ

ಕೊಡುಕೊಳೆ ಒಂದೇ ಕಡೆಯದಾಗಿರಲಿಲ್ಲ. ಕಲ್ಪತರು ನಾಡೆಂದು ತುಮಕೂರಿಗೆ ಹೆಸರು ತಂದ ತೆಂಗು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಕೈಯಲ್ಲಿ ಅಟ್ಲಾಂಟಿಕ್ ಕಡಲು ಸೇರಿತು. ಕೆರಿಬಿಯನ್, ಬ್ರೆಜಿಲ್ ತೀರಗಳ ತೆಂಗು ಹಿಂದೂ ಮಹಾಸಾಗರದ ತೆಂಗಿನ ಸಂತಾನವೆಂದು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಮಾವು ಹೋಯಿತು. ಹಲಸು ಹೋಗಿ ಬ್ರೆಜಿಲ್‌ನ ಕಾಡುಗಳಲ್ಲಿ ಕಳೆಯಂತೆ ಹಬ್ಬಿದೆ: ನಮಗೆ ಲಂಟಾನ ಹೇಗೋ, ರಿಯೊ ಡಿ ಜನೈರೊದ ತಿಜುಕ ಕಾಡಿಗೆ ಹಲಸು ಹಾಗೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ 'ಸಿದ್ದು' ಹಲಸಿಗೆ ರೈತರು ಸಸಿಗಾಗಿ ಸಾಲುಗಟ್ಟುವಾಗ ಅಲ್ಲಿನ ಅರಣ್ಯಪಾಲಕರು ಹಲಸಿನ ಮರ ತೆಗೆಯುವ ದಾರಿ ಹುಡುಕುತ್ತಾರೆ. ಅಮೆರಿಕದ ಬ್ರಾಹ್ಮಣ್ ದನಗಳ ರಕ್ತದಲ್ಲಿ ಗಿರ್, ಓಂಗೋಲ್‌ಗಳ ಜೊತೆ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯೂ ಸೇರಿದೆ.

ಮನುಷ್ಯರೂ ಹೋದರು. ಗುಲಾಮಗಿರಿ ರದ್ದಾದ ಮೇಲೆ 1838ರಿಂದ ಗಯಾನಕ್ಕೆ, 1845ರಿಂದ ಟ್ರಿನಿಡಾಡಿಗೆ ಕಬ್ಬಿನ ತೋಟಗಳ ಕರಾರಿನ ಕೂಲಿಗಳಾಗಿ ಹೋದವರಲ್ಲಿ ಮದರಾಸು ಬಂದರಿನಲ್ಲಿ ಹಡಗು ಹತ್ತಿದ ದಕ್ಷಿಣದವರೂ ಇದ್ದರು. 20ನೆಯ ಶತಮಾನದಲ್ಲಿ ಹೋದವರು ಓದಿದವರು. ತುಮಕೂರಿನಲ್ಲಿ 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಂಥ ಕಡೆ ಓದಿದ ಎಂಜಿನಿಯರುಗಳು ಈಗ ಮೂಲನಿವಾಸಿಗಳ ಹೆಸರು ಹೊತ್ತ ರಾಜ್ಯಗಳಲ್ಲಿ ಮನೆ ಮಾಡಿದ್ದಾರೆ. ಅಲ್ಲಿನ ಕನ್ನಡ ಕೂಟಗಳು 1998ರಲ್ಲಿ 'ಅಕ್ಕ' ಎಂಬ ಒಕ್ಕೂಟ ಕಟ್ಟಿಕೊಂಡಿವೆ.

ಇನ್ನೂ ನಿಲ್ಲದ ಓಡಾಟ

2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಮೆಕ್ಸಿಕೊ ಮೂಲದ ಪಪ್ಪಾಯಿ ಹಿಟ್ಟುತಿಗಣೆ ಹಿಪ್ಪುನೇರಳೆಯ ಮೇಲೂ ಏರಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಅದಕ್ಕೆ ಮದ್ದಾದ ಪರತಂತ್ರ ಕಣಜವೂ ಪೋರ್ಟೊ ರಿಕೊದಿಂದಲೇ ಬರಬೇಕಾಯಿತು. 2016ರಲ್ಲಿ ತಮಿಳುನಾಡಿನಲ್ಲಿ ಪತ್ತೆಯಾದ ಮಧ್ಯ ಅಮೆರಿಕದ ಸುರುಳಿ ಬಿಳಿನೊಣ ತೆಂಗಿನ ಗರಿಯ ಅಡಿಯಲ್ಲಿ ಬಿಳಿ ಸುರುಳಿಗಳನ್ನಿಟ್ಟು, ಅದರ ಅಂಟು ಕೆಳಗಿನ ಗರಿಗಳ ಮೇಲೆ ಸುರಿದು, ತೋಟಕ್ಕೆ ತೋಟವೇ ಮಸಿ ಬಳಿದಂತಾಗುತ್ತದೆ. 2018ರಲ್ಲಿ ಮುಸುಕಿನ ಜೋಳವನ್ನು ಹಿಂಬಾಲಿಸಿ ಅದರ ತವರಿನ ಸೈನಿಕ ಹುಳುವೂ ಭಾರತಕ್ಕೆ ಬಂತು. ಮೊದಲು ಕಂಡದ್ದು ಶಿವಮೊಗ್ಗದಲ್ಲಿ.

ತುಮಕೂರಿನ ಪಕ್ಕದ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ. ಚೇಳೂರಿನ ಹಲಸಿಗೆ ಹೆಸರು ತಂದ ಕೇಂದ್ರ ಅದೇ. ಅಲ್ಲಿ ಈಗ ಕಲ್ಲುಕಂಬಗಳಿಗೆ ಹಬ್ಬಿಸಿದ ಮುಳ್ಳಿನ ಬಳ್ಳಿಯ ಸಾಲುಗಳಿವೆ. ರಾತ್ರಿ ಅಂಗೈಗಿಂತ ದೊಡ್ಡ ಬಿಳಿಯ ಹೂ ಅರಳಿ ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಅದು ಮಧ್ಯ ಅಮೆರಿಕದ ಕಳ್ಳಿ, ಡ್ರ್ಯಾಗನ್ ಹಣ್ಣಿನದು. 2023ರಲ್ಲಿ ಅದಕ್ಕೊಂದು ಉತ್ಕೃಷ್ಟತಾ ಕೇಂದ್ರ ಮಂಜೂರಾಯಿತು. ಕಾಗದಪತ್ರಗಳಲ್ಲಿ ಹಣ್ಣಿನ ಹೆಸರು 'ಕಮಲಂ'.